ಸಾರಿಸಿದ ನೆಲದಡಿ ಒಂದಾಣೆ

"ಸಿಕ್ತರೀ! ಕಾಸು ಸಿಕ್ತು!"

ಈಶಪ್ಪ ಅಗೆದ ಗುಂಡಿಯೊಳಗಿನಿಂದ ಕೈ ಮೇಲೆತ್ತಿದ. ಎರಡು ಬೆರಳ ನಡುವೆ ಮಣ್ಣು ಮೆತ್ತಿದ ನಾಣ್ಯ. ಅವನ ಕಾಲ ಬಳಿ, ಗುದ್ದಲಿಯಿಂದ ಎಬ್ಬಿಸಿದ ಹಳೇ ನೆಲದ ಹೆಂಟೆಯೊಂದು ಮಗುಚಿ ಬಿದ್ದಿತ್ತು.

ದಿಬ್ಬದ ಮೇಲೆ ಕೊಡೆಯ ನೆರಳಲ್ಲಿ ಕುಳಿತಿದ್ದ ಯಲಬುರ್ಗಾದ ತಹಸೀಲದಾರ ಸಾಹೇಬರು ಕುರ್ಚಿ ಬಿಟ್ಟು ಎದ್ದರು. ಕರಿಬಸಪ್ಪ ಗೌಡರು ಕುರ್ಚಿಯ ಪಕ್ಕ ಮೊದಲೇ ನಿಂತಿದ್ದರು, ಅವರಿಗೆ ಏಳುವ ಕೆಲಸವಿರಲಿಲ್ಲ. ಅವರ ಬದಲು ಅವರ ಮೀಸೆ ಎದ್ದಿತು.

ಸಾಹೇಬರು ನಾಣ್ಯವನ್ನು ಕರವಸ್ತ್ರದಿಂದ ಒರೆಸಿ, ಬಿಸಿಲಿಗೆ ಹಿಡಿದು, ಓದಿದರು.

"ಹಾಲಿ ಸಿಕ್ಕಾ, ನಮ್ಮ ಹೈದರಾಬಾದ ಸರ್ಕಾರದ ಕಾಸು. ಒಂದಾಣೆ. ಹನ್ನೆರಡು ವರ್ಷದ ಹಿಂದಿಂದು."

ಗುಂಡಿಯ ಆಚೆ ತುದಿಯಲ್ಲಿ ಮಣ್ಣಿನ ಬುಟ್ಟಿ ಹೊತ್ತು ನಿಂತಿದ್ದ ಹೊಳಿಯಮ್ಮ ಬುಟ್ಟಿ ಇಳಿಸುವುದನ್ನೇ ಮರೆತಳು.

ಹನ್ನೆರಡು ವರ್ಷ! ದಿಬ್ಬದ ಬುಡದಲ್ಲಿದ್ದ ಅವಳ ಕೇರಿಯ ನಲವತ್ತು ಮನೆಗಳ ಹಣೆಬರಹ ಈ ಗುಂಡಿಯಲ್ಲಿತ್ತು. ಈ ದಿಬ್ಬವೇ ನಮ್ಮ ಹಿರಿಯರ ಊರು, ಬೆಂಕಿ ಬಿದ್ದು ಹಾಳಾದ ಮೇಲೆ ಬುಡಕ್ಕೆ ಇಳಿದೆವು ಎಂದು ಕೇರಿಯವರು ಹೇಳುತ್ತಿದ್ದರು. ಇಲ್ಲಿ ನರಮನುಷ್ಯ ಯಾವತ್ತೂ ಇರಲಿಲ್ಲ, ನಮ್ಮ ಮುತ್ಯಾನಿಗೆ ಸರ್ಕಾರ ಕೊಟ್ಟ ಬಂಜರು, ಜಾಗ ಖಾಲಿ ಮಾಡಿ ಎಂದು ಗೌಡರು ಹೇಳುತ್ತಿದ್ದರು. ಗೌಡರ ಕೈಯಲ್ಲಿ ಫಸಲಿ ೧೨೭೦ರ ಸನದು ಇತ್ತು, ಎಂಬತ್ತೆರಡು ವರ್ಷದ ಹಿಂದಿನ ಕಾಗದ. ಕೇರಿಯವರ ಹತ್ತಿರ ಇದ್ದದ್ದು ಬಾಯಿಮಾತು ಮಾತ್ರ.

ಕಾಗದವನ್ನು ಕೇಳಿದಿರಿ, ನೆಲವನ್ನೂ ಒಂದು ಮಾತು ಕೇಳಿ ಎಂದು ಅರ್ಜಿ ಕೊಟ್ಟವರು ಕಿನ್ನಾಳದ ಉಮಾಪತಿ ಮಾಸ್ತರರು. ಸಾಹೇಬರು ಎಂಟು ದಿನ ಅಗೆಯಲು ಅಪ್ಪಣೆ ಕೊಟ್ಟಿದ್ದರು. ಇವತ್ತು ಆರನೆಯ ದಿನ.

"ಮಾಸ್ತರ್ರ," ಎಂದರು ಗೌಡರು, ಬೆಲ್ಲ ತಿಂದವರ ಹಾಗೆ. "ಮೊದಲನೇ ದಿನ ನೀವ ಹೇಳಿದ್ರಿ. ನೆಲದ ಕೆಳಗ ಏನು ಸಿಗತೈತಿ, ಅದು ಹುಟ್ಟಿದ ಮ್ಯಾಲೇ ಆ ನೆಲಾ ಹಾಕ್ಯಾರ ಅಂತ. ಹನ್ನೆರಡು ವರ್ಷದ ಕಾಸಿನ ಮ್ಯಾಲೆ ನೂರು ವರ್ಷದ ನೆಲಾ ಹೆಂಗ ಕುಂದರತೈತಿ? ನಿಮ್ಮ ಕಾಯ್ದೆ ನಿಮಗ ತಿರುಗಿ ಬಿತ್ತಲ್ಲ!"

ಉಮಾಪತಿ ಮಾಸ್ತರರು ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದರು. ಅವರ ಕಾಯ್ದೆ ಸರಿಯೇ ಇತ್ತು, ಅದೇ ತೊಂದರೆ.

ಹೊಳಿಯಮ್ಮನಿಗೆ ಸಿಟ್ಟು ಏರಿತು. ಇಂಥ ಸಿಟ್ಟು ಅವಳಿಗೆ ಹೊಸದಲ್ಲ. ಏಳು ವರ್ಷದ ಕೆಳಗೆ ಅವಳೂ ಮಾಸ್ತರರೂ ಒಂದು ದೊಡ್ಡ ಅಗೆತದಲ್ಲಿ ಕೂಡಿ ದುಡಿದಿದ್ದರು. ಮಾಸ್ತರರು ನಕ್ಷೆ ಬರೆಯುವವರು, ಅವಳು ಮಣ್ಣು ಹೊರುವವಳು. ಅಲ್ಲಿಯ ದೊರೆಗಳಿಗೆ ಬೇಕಾಗಿದ್ದದ್ದು ಎರಡು ಸಾವಿರ ವರ್ಷದ ಹಿಂದಿನ ಮಡಕೆ. ಮೇಲಿನ ಮೂರು ಮೊಳವನ್ನು 'ಇತ್ತೀಚಿನ ಕಸ, ಚೆಲ್ಲಿ' ಎಂದರು. ಅವಳು ಬುಟ್ಟಿಗಟ್ಟಲೆ ಚೆಲ್ಲಿದಳು. ಒಂದು ದಿನ ಬುಟ್ಟಿಯಲ್ಲಿ ಒಡೆದ ರೊಟ್ಟಿಹಂಚು, ಚಿಲುಮೆಯ ತುಂಡು, ಹಸಿರು ಬಳೆಯ ಚೂರು ಕಂಡವು. ಎಲ್ಲವೂ ಅವಳ ಅಮ್ಮನ ಅಮ್ಮನ ಮನೆಯಲ್ಲಿದ್ದಂಥವೇ. ನಮ್ಮ ಮಂದಿಯ ಅಡುಗೆಮನೆಯನ್ನು ನಾನೇ ಹೊತ್ತು ತಿಪ್ಪೆಗೆ ಹಾಕುತ್ತಿದ್ದೇನೆ ಎಂದು ಗೊತ್ತಾದಾಗ ಆಕೆ ಬುಟ್ಟಿ ಅಲ್ಲೇ ಒಗೆದಳು. ಮಾಸ್ತರರೂ ಅದೇ ಮಾತಿಗೆ ದೊರೆಗಳ ಜೊತೆ ಜಗಳವಾಡಿ ಕೆಲಸ ಬಿಟ್ಟು ಬಂದರು.

ಈಗ ಅವಳು ತಲೆಯ ಮೇಲಿನ ಬುಟ್ಟಿ ಇಳಿಸಿದಳು.

"ಸಾಹೇಬರ, ಆ ಕಾಸು ಸಿಕ್ಕ ತೂತು ನಾ ಒಮ್ಮೆ ನೋಡಬೇಕ್ರಿ."

"ನೋಡೋದೇನೈತಿ ಅದರಾಗ?" ಎಂದರು ಗೌಡರು. "ನಾ ಅಂತೂ ಇಟ್ಟಿಲ್ಲ!"

"ಇಟ್ಟೀರಿ ಅಂತ ಯಾರರ ಅಂದ್ರೇನ್ರಿ ಗೌಡ್ರ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸುತ್ತ ನಿಂತಿದ್ದ ಕೇರಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಸಾಹೇಬರು ಕೈಸನ್ನೆಯಲ್ಲೇ ನೋಡು ಎಂದರು.

ಹೊಳಿಯಮ್ಮ ಗುಂಡಿಗೆ ಇಳಿದಳು. ಈಶಪ್ಪ ಹೆಂಟೆ ಎಬ್ಬಿಸಿದ ಜಾಗದ ಅಂಚಿಗೆ ಕುಕ್ಕರುಗಾಲಲ್ಲಿ ಕುಳಿತು, ಬಾಯಲ್ಲಿ ನೀರು ತುಂಬಿಕೊಂಡು ಪುಸ್ಸೆಂದು ಉಗುಳಿ ಮಣ್ಣು ತೋಯಿಸಿದಳು. ಆಮೇಲೆ ಗೌಂಡಿಯ ಕರಣಿಯಿಂದ ಆ ಅಂಚನ್ನು ರೊಟ್ಟಿ ಕೊಯ್ದ ಹಾಗೆ ನೇರಕ್ಕೆ ಕೊಯ್ದಳು.

"ಇಳದು ಬರ್ರಿ ಸಾಹೇಬರ. ಬೂಟಿಗೆ ಮಣ್ಣು ಹತ್ತಿದರ ತೊಳಕೊಬಹುದು. ಇದನ್ನ ಮ್ಯಾಲೆ ನಿಂತು ನೋಡಾಕ ಬರಂಗಿಲ್ಲ."

ಒಬ್ಬ ಕೂಲಿಹೆಂಗಸು ತಹಸೀಲದಾರರಿಗೆ ಇಳಿದು ಬಾ ಅನ್ನುವುದೆಂದರೇನು! ಗೌಡರ ಹುಬ್ಬು ಹಣೆಗೇರಿತು. ಸಾಹೇಬರಿಗೆ ಮಾತ್ರ ಕುತೂಹಲ ಅಂಟಿಕೊಂಡಿತ್ತು, ಅವರು ಇಳಿದರು.

"ಈ ಬಾಜೂ ನೋಡ್ರಿ. ನೆಲದೊಳಗ ಪದರು ಕಾಣ್ತಾವ?"

ಕಂಡವು. ಉಳ್ಳಾಗಡ್ಡಿಯ ಸಿಪ್ಪೆಗಿಂತ ತುಸು ದಪ್ಪ, ಒಂದರ ಮೇಲೊಂದು. ಒಂದು ಕೆಂಪಗೆ, ಒಂದು ಕಂದು ಬಣ್ಣಕ್ಕೆ.

"ನಮ್ಮ ಹೆಂಗಸರು ದಿನಾ ಸಗಣಿ ನೀರು ಬಳಿತಾರ, ಅದು ಸವದು ಹೋಗತೈತಿ. ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಮಣ್ಣು ಕಲಸಿ ದಪ್ಪಗ ಸಾರಸ್ತಾರ. ಅದು ಉಳೀತೈತಿ. ವರ್ಷಕ್ಕ ಎರಡು ಪದರು. ನಾ ಎಣಿಸೀನಿ, ಅರವತ್ತಮೂರು ಅದಾವು. ಒಂದೇ ಮನ್ಯಾಗ ಮೂವತ್ತು ವರ್ಷದ ಮ್ಯಾಲೆ ಸಂಸಾರ ಮಾಡ್ಯಾರ್ರಿ."

ಸಾಹೇಬರು ಬೆರಳಿಟ್ಟು ಎಣಿಸಿದರು. ಮೂವತ್ತೆಂಟಕ್ಕೆ ಲೆಕ್ಕ ತಪ್ಪಿತು, ಬಿಟ್ಟರು.

"ಈಗ ಕಾಸು ಸಿಕ್ಕ ಬಾಜೂ ನೋಡ್ರಿ. ಎಷ್ಟು ಪದರು?"

"ಒಂದು," ಎಂದರು ಸಾಹೇಬರು ನಿಧಾನಕ್ಕೆ. "ಮ್ಯಾಲೆ ಒಂದೇ. ಕೆಳಗ ಎಲ್ಲಾ ಕಲಸಿದ ಮಣ್ಣು."

"ಹೌದಲ್ರಿ. ಅರವತ್ತಮೂರು ಪದರು ಒಡದು ತೆಗ್ಗು ತೋಡ್ಯಾರ, ಕಾಸು ಇಟ್ಟಾರ, ಮಣ್ಣು ತುಂಬ್ಯಾರ, ಮ್ಯಾಲೆ ಒಂದು ಕೈ ಸಾರಿಸ್ಯಾರ. ಇದು ಹಳೇ ನೆಲಕ್ಕ ಹಚ್ಚಿದ ತ್ಯಾಪಿ. ತ್ಯಾಪಿ ಕೆಳಗ ಸಿಕ್ಕಿದ್ದು ತ್ಯಾಪೀ ವಯಸ್ಸು ಹೇಳತೈತಿ, ಸೀರೀ ವಯಸ್ಸು ಹೇಳಂಗಿಲ್ಲ."

ಉಮಾಪತಿ ಮಾಸ್ತರರ ಮುಖದಲ್ಲಿ ರಕ್ತ ತಿರುಗಿ ಬಂದಿತು. ಸಾಹೇಬರು ನಾಣ್ಯವನ್ನು ಕಿಸೆಗೆ ಹಾಕಿಕೊಂಡು ಈಶಪ್ಪನ ಕಡೆ ತಿರುಗಿದರು.

"ಮೊನ್ನೆ ಸಂತೀ ದಿನ ಕೆಲಸ ಬಂದ್ ಇತ್ತು. ಕಾವಲಿಗೆ ಯಾರು ಇದ್ರಿ?"

"ಗೌಡ್ರ ವಾಡೇದ ಕಡಿಂದ ನಾನರಿ. ಕೇರೀ ಕಡಿಂದ ಹುಚ್ಚೀರಪ್ಪ. ಮಧ್ಯಾಹ್ನ ಇಬ್ರೂ ಉಣ್ಣಾಕ ಹೋಗಿದ್ವಿರಿ. ಒಂದು ತಾಸು ಯಾರೂ ಇದ್ದಿಲ್ಲ."

"ಒಂದು ತಾಸು ಸಾಕು," ಎಂದರು ಸಾಹೇಬರು. "ಬಿಸಿಲಿಗೆ ಒಣಗಿಬಿಡತೈತಿ."

ಆಗ ಗೌಡರು ಗುಂಡಿಯ ಅಂಚಿಗೆ ಬಂದರು. ಅವರೇನೂ ಹುಂಬರಲ್ಲ. ಸಿಟ್ಟನ್ನು ನುಂಗಿ ಬುದ್ಧಿ ಹೊರಗೆ ತೆಗೆದರು.

"ಸಾಹೇಬರ, ತ್ಯಾಪಿ ಅನ್ನೂದು ನಾನೂ ಒಪ್ತೀನಿ. ಆದ್ರ ಆ ಹೆಂಟಿ ತಿರುವಿ ನೋಡ್ರಿ. ಸಾರಿಸಿದ್ದು ಎಷ್ಟು ಚಂದ ಐತಿ! ನಮ್ಮ ವಾಡೇದಾಗ ಗಚ್ಚಿನ ನೆಲಾ. ನಮ್ಮ ಆಳು ಈಶಪ್ಪ ಹುಟ್ಟಿದಾಗಿಂದ ನೆಲಾ ಸಾರಿಸಿಲ್ಲ. ಇದು ಪಳಗಿದ ಹೆಂಗಸಿನ ಕೈ. ಕೇರ್ಯಾಗಿನವರೇ ಇಟ್ಟು, ನನ್ನ ಹೆಸರಿಗೆ ಮಸಿ ಬಳಿಯಾಕ ನೋಡ್ಯಾರ."

ಹೊಳಿಯಮ್ಮ ಹೆಂಟೆಯನ್ನು ಮಗುಚಿದಳು, ಗೌಡರ ಮಾತನ್ನು ಮುಖದ ಮೇಲೆ ಹೊಡೆದ ಹಾಗೆ ಸುಳ್ಳು ಮಾಡಬೇಕೆಂದೇ ಮಗುಚಿದಳು.

ಗೌಡರು ಹೇಳಿದ್ದು ನಿಜವಾಗಿತ್ತು. ನಾಲ್ಕು ಬೆರಳ ಗೆರೆಗಳು ಅರ್ಧಚಂದ್ರದ ಹಾಗೆ ಒಂದರ ಪಕ್ಕ ಒಂದು, ಎಲ್ಲೂ ಗಂಟಿಲ್ಲದೆ ಹರಿದಿದ್ದವು. ಆದರೆ ಗೌಡರಿಗೆ ಕಾಣದ್ದೊಂದು ಅವಳಿಗೆ ಕಂಡಿತು. ಬಲಗೈಯಲ್ಲಿ ಸಾರಿಸಿದರೆ ಆ ಗೆರೆಗಳು ಒಂದು ಕಡೆ ಬಾಗುತ್ತವೆ. ಇವು ಅದರ ಎದುರು ಕಡೆಗೆ ಬಾಗಿದ್ದವು.

ಎಡಗೈ.

ಕೇರಿಯಲ್ಲಿ ಎಡಗೈಯಿಂದ ನೆಲ ಸಾರಿಸುವವಳು ಒಬ್ಬಳೇ. ಈಗ ಬೇವಿನ ಮರದ ಕೆಳಗೆ ಕೂಲಿಗಳಿಗೆ ನೀರು ಕೊಡುತ್ತ ನಿಂತಿರುವವಳು. ಹೊಳಿಯಮ್ಮನ ಹಡೆದವ್ವ, ಹಂಪವ್ವ.

ಹೊಳಿಯಮ್ಮ ಮರದ ಕಡೆ ತಿರುಗದ ಹಾಗೆ ಕುತ್ತಿಗೆಯನ್ನು ಬಿಗಿಹಿಡಿದಳು. ಒಂದು ಸಲ ತಿರುಗಿದ್ದರೆ ಸಾಹೇಬರ ಕಣ್ಣೂ ಅಲ್ಲಿಗೇ ಹೋಗುತ್ತಿತ್ತು.

"ಏನಂತೀ?" ಎಂದರು ಸಾಹೇಬರು. "ಹೆಂಗಸಿನ ಕೈ ಹೌದೋ ಅಲ್ಲೋ?"

"ಹೌದ್ರಿ," ಎಂದಳು. ಸುಳ್ಳು ಹೇಳುವುದು ಅವಳಿಂದ ಆಗಲಿಲ್ಲ, ನಿಜ ಮುಗಿಸುವುದೂ ಆಗಲಿಲ್ಲ. ಸಿಕ್ಕಿಬಿದ್ದವರು ಒಂದೋ ಕೂರುತ್ತಾರೆ, ಇಲ್ಲವೇ ಎದುರಾಳಿಯ ಮೇಲೆ ಏರಿ ಹೋಗುತ್ತಾರೆ. ಅವಳು ಏರಿ ಹೋದಳು.

"ಯಾರ ಕೈ ಅಂತ ಆಮ್ಯಾಲೆ ನೋಡೂಣು. ಮೊದಲ ಗೌಡ್ರಿಗೆ ನಂದೊಂದು ಸವಾಲೈತಿ. ಗೌಡ್ರ, ಬ್ಯಾಸಗ್ಯಾಗ ನಿಮ್ಮ ಬಂಡಿ ಈ ದಿಬ್ಬಕ್ಕ ಯಾಕ ಬರ್ತಾವು?"

"ಮಣ್ಣು ಹೊಡ್ಯಾಕ. ನನ್ನ ದಿಬ್ಬ, ನನ್ನ ಬಂಡಿ. ನಿನ್ನ ಕೇಳಬೇಕೇನು?"

"ಯಾವಾಗಿಂದ ಹೊಡೀತೀರಿ?"

"ನಮ್ಮ ಮುತ್ಯಾನ ಕಾಲದಿಂದ!" ಗೌಡರು ಎದೆ ಮುಂದೆ ಮಾಡಿದರು. "ಈ ಹಾಳಮಣ್ಣು ಬಿದ್ದ ಹೊಲದಾಗ ಜ್ವಾಳ ಆಳೆತ್ತರ ಬೆಳೀತೈತಿ. ತಳಕಲ್ಲಿನ ಮಂದಿ ಸುದ್ದಾ ಬಂದು ನೋಡಿ ಹೋಗ್ತಾರ."

"ಹಾಳಮಣ್ಣು ಅಂದ್ರೇನು?" ಹೈದರಾಬಾದಿನಲ್ಲಿ ಬೆಳೆದ ಸಾಹೇಬರು ಕೇಳಿದರು.

ಉತ್ತರ ಕೊಟ್ಟವನು ಈಶಪ್ಪ. ಪಾಪ, ಅವನಿಗೆ ಹೊಲ ಗೊತ್ತು, ಕೋರ್ಟು ಗೊತ್ತಿಲ್ಲ.

"ಮಂದಿ ಇದ್ದು ಹಾಳಾದ ಊರಿನ ಮಣ್ಣುರೀ ಸಾಹೇಬರ. ಒಲೀ ಬೂದಿ, ದನದ ಸಗಣಿ, ಕಸಾ ಕಡ್ಡಿ, ಎಲ್ಲಾ ಕೂಡಿ ಕೊಳತು ಆಗಿರತೈತಿ. ಗೊಬ್ಬರಕ್ಕಿಂತ ಛಲೋರಿ. ಬಂಜರ ನೆಲದಾಗ ಹುಡಿಕಿದ್ರೂ ಸಿಗಾಂಗಿಲ್ಲ ಬಿಡ್ರಿ."

ಹೇಳಿ ಮುಗಿಸಿದ ಮೇಲೆ ಅವನಿಗೂ ಅರ್ಥವಾಯಿತು. ಗುದ್ದಲಿಯ ಕಾವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

"ಕೇಳಿದ್ರ ಸಾಹೇಬರ?" ಹೊಳಿಯಮ್ಮನ ದನಿ ದಿಬ್ಬದ ಬುಡದ ಮನೆಗಳವರೆಗೂ ಹೋಯಿತು. "ಮುತ್ಯಾ ಸನದು ಬರಸಿಕೊಂಡ, ಇಲ್ಲೆ ನರಮನಶ್ಯಾ ಇದ್ದಿಲ್ಲ ಅಂತ. ಅದೇ ಮುತ್ಯಾ ಬಂಡಿ ಕಟ್ಟಿಸಿ ನಮ್ಮ ಮಂದಿ ಒಲೀ ಬೂದಿ ಹೊಲಕ್ಕ ಹೊಡಸಿದ! ಕಾಗದದಾಗ ನಾವಿಲ್ಲ, ಆದ್ರ ಗೌಡ್ರ ರೊಟ್ಟ್ಯಾಗ ಅದೀವಿ. ದಿನಾ ಎರಡು ಹೊತ್ತು ನಮ್ಮನ್ನ ಉಣ್ತಾರ, ಮತ್ತ ನೀವ ಯಾರು ಅಂತ ಕೇಳ್ತಾರ!"

ಕೇರಿಯವರು ಸುಮ್ಮನೆ ಎರಡು ಹೆಜ್ಜೆ ಮುಂದೆ ಬಂದು ನಿಂತರು.

ಸಾಹೇಬರು ಗುಂಡಿಯಿಂದ ಮೇಲೆ ಬಂದು ಬೂಟು ಕೊಡವಿದರು. "ಅಚ್ಛಾ. ಇಲ್ಲೆ ವಸ್ತಿ ಇತ್ತು, ಸನದಿಗಿಂತ ಮೊದಲೇ ಇತ್ತು. ಕಬೂಲ್. ಆದ್ರ ಯಾರ ವಸ್ತಿ? ಇವರದೇ ಅಂತ ಹೇಳಾಕ ಸಬೂತು ಏನೈತಿ? ಮಾಸ್ತರ್, ಈ ಕೆದರಾಟದ ವಿದ್ಯೆ ರಾಜರಿಗೆ, ಗುಡಿಗೆ, ಶಾಸನಕ್ಕ ಸರಿ. ಕೂಲಿಯವರ ಗುಡಿಸಲಿಗೆ ಏನು ಹೇಳತೈತಿ?"

"ಅದಕ್ಕ ಮೊದಲ ಹೇಳತೈತ್ರಿ," ಎಂದರು ಉಮಾಪತಿ ಮಾಸ್ತರರು. "ರಾಜಾ ತನ್ನ ಹೆಸರು ಕಲ್ಲಿನ ಮ್ಯಾಲೆ ಕೊರಸ್ತಾನ. ಗೌಡ್ರು ಕಾಗದದಾಗ ಬರಸ್ತಾರ. ಬರಿಯಾಕ ಬರದವರು ಎಲ್ಲಿ ಬರೀಬೇಕ್ರಿ? ತಮ್ಮ ನೆಲದಾಗ, ಒಲ್ಯಾಗ, ತಿಪ್ಪ್ಯಾಗ ಬರದಾರ. ಕಾಗದಾ ಸುಳ್ಳು ಅಂತ ನಾ ಎಲ್ಲಾ ಕಡೆ ಅನ್ನಾಂಗಿಲ್ಲ. ಕಾಗದದ ಬಾಜೂಕ ಮಣ್ಣನ್ನೂ ಇಟ್ಟು ಓದ್ರಿ. ಎರಡೂ ಒಂದೇ ಮಾತು ಹೇಳಿದ್ರ ಛಲೋ ಆತು. ಬ್ಯಾರೆ ಬ್ಯಾರೆ ಹೇಳಿದ್ರ, ಅಲ್ಲೇ ಯಾರೋ ಏನೋ ಮುಚ್ಚ್ಯಾರ ಅಂತ ತಿಳೀಬೇಕು. ಇದು ಹಳೇ ಕಾಲದ ವಿದ್ಯೆ ಅಷ್ಟೇ ಅಲ್ಲರಿ, ನಿನ್ನೆ ಮೊನ್ನೀದಕ್ಕೂ ನಡೀತೈತಿ."

"ಭಾಷಣ ಸಾಕು. ಸಬೂತು."

"ದೇವರ ಮೂಲಿ!" ಎಂದಳು ಹೊಳಿಯಮ್ಮ. "ನಮ್ಮ ಕೇರ್ಯಾಗ ಮನಿ ಕಟ್ಟುವಾಗ ಈಶಾನ್ಯ ಮೂಲ್ಯಾಗ ಒಂದು ಮಣ್ಣಿನ ಮಗಿ ಹೂಳ್ತೀವ್ರಿ. ಅದರಾಗ ಏಳು ಕವಡಿ, ಒಂದು ಮುರಕ ಕುಡಗೋಲು. ಈ ಸೀಮ್ಯಾಗ ಬ್ಯಾರೆ ಯಾರೂ ಇಡಾಂಗಿಲ್ಲ. ಗೌಡ್ರನ್ನೇ ಕೇಳ್ರಿ."

ಗೌಡರು ಮುಖ ಆಚೆ ತಿರುಗಿಸಿದರು. ಅಂದರೆ ಹೌದು.

"ಈ ಮನೀ ಈಶಾನ್ಯ ಮೂಲಿ ಅಲ್ಲೈತಿ, ಆ ಕಲ್ಲಿನ ಗುಂಪಿ ಕೆಳಗ. ನಾವಿನ್ನೂ ಅದನ್ನ ಮುಟ್ಟಿಲ್ಲ. ಅದನ್ನ ಅಗೀರಿ, ಈಗಿಂದೀಗ, ನಿಮ್ಮ ಕಣ್ಣ ಮುಂದ. ಮಗಿ ಸಿಗದಿದ್ರ ನಲವತ್ತು ಮನೀನೂ ನಾನ ಮುಂದ ನಿಂತು ಖಾಲಿ ಮಾಡಸ್ತೀನಿ. ಸಿಕ್ಕರ ಗೌಡ್ರು ಸನದನ್ನ ನಮ್ಮ ಒಲಿಗೆ ಹಾಕಬೇಕು!"

ಗೌಡರು ಕಲ್ಲಿನ ಗುಂಪೆಯ ಕಡೆ ನೋಡಿದರು. ಅವರು ಇದ್ದಕ್ಕಿದ್ದಂತೆ ನಕ್ಕರು. ಹೊಳಿಯಮ್ಮನಿಗೆ ಆ ನಗು ಸರಿಬರಲಿಲ್ಲ. ಸೋಲುವವರು ನಗುವ ನಗು ಅದಾಗಿರಲಿಲ್ಲ.

"ಆಗಲಿ," ಎಂದರು ಗೌಡರು. "ಅಗೀಲಿ. ಆ ಮೂಲ್ಯಾಗ ಏನ ಸಿಕ್ಕರೂ ಅದಕ್ಕ ಕೇರಿಯವರೇ ಜವಾಬು ಕೊಡಬೇಕು. ಬರಕೊಳ್ರಿ ಸಾಹೇಬರ."

ಸಾಹೇಬರ ಗುಮಾಸ್ತ ಬರೆದುಕೊಂಡ. ಆ ಹೊತ್ತಿಗೇ ಈಶಪ್ಪ ಮತ್ತು ಇಬ್ಬರು ಆಳುಗಳು ಗುಂಪೆಯ ಕಲ್ಲು ಎತ್ತತೊಡಗಿದರು.

ಹೊಳಿಯಮ್ಮ ನೀರು ಕುಡಿಯುವ ನೆವದಲ್ಲಿ ಬೇವಿನ ಮರದ ಕಡೆ ಹೋದಳು. ಹಂಪವ್ವ ಬೋಗುಣಿಯನ್ನು ಎಡಗೈಯಲ್ಲಿ ಹಿಡಿದು ಮುಂದೆ ಚಾಚಿದಳು. ಮಗಳು ಆ ಕೈಯನ್ನೇ ಗಟ್ಟಿಯಾಗಿ ಹಿಡಿದಳು.

"ಯಾಕವ್ವಾ? ನಲವತ್ತು ಮನೀ ಕೊರಳು ಕೊಯ್ಯಾಕ ಹೊಂಟಿದ್ಯಲ್ಲ, ಯಾಕ? ಗೌಡಾ ಏನು ಕೊಟ್ಟಾ?"

"ಗೌಡಾ ಕೊಟ್ಟಿದ್ದನ್ನ ಮೂಸಿ ನೋಡಾಕೀನೂ ಅಲ್ಲ ನಾನು." ಹಂಪವ್ವನ ಕಣ್ಣು ಕೆಂಪಗಿದ್ದವು, ನೀರಿರಲಿಲ್ಲ. "ಕಾಸು ಸಿಕ್ಕರ ಸಾಹೇಬ ಗುಂಡಿ ಮುಚ್ಚಿಸಿ ಹೋಗ್ತಾನ ಅನಕೊಂಡಿದ್ದೆ. ಮನಿ ಹೋದರ ಮತ್ತೊಂದು ಕಡೆ ಕಟ್ಟಬಹುದಿತ್ತು. ನೀ ಆ ಮೂಲಿಗೆ ಕೈ ಹಾಕಬಾರದಿತ್ತು, ಮಗಳ."

"ಏನೈತಿ ಆ ಮೂಲ್ಯಾಗ?"

"ನಿಮ್ಮಪ್ಪ ಅದಾನ."

ಹೊಳಿಯಮ್ಮ ಅವ್ವನ ಕೈ ಬಿಟ್ಟಳು. ಅಪ್ಪ ಮುಂಬಯಿಯ ಗಿರಣಿಗೆ ಹೋದವನು ತಿರುಗಿ ಬರಲಿಲ್ಲ. ಇಪ್ಪತ್ತು ವರ್ಷದಿಂದ ಕೇರಿಗೆಲ್ಲ ಗೊತ್ತಿದ್ದ ಮಾತು ಅದು. ಅವಳು ಸಣ್ಣವಳಿದ್ದಾಗ ತಳಕಲ್ ಸ್ಟೇಶನ್ನಿನಲ್ಲಿ ರೈಲು ಕೂಗಿದಾಗಲೆಲ್ಲ ಬಾಗಿಲಿಗೆ ಓಡುತ್ತಿದ್ದಳು.

"ಅವನೂ ನಿನ್ನಂಗ ಕೇಳಿದ್ದ," ಎಂದಳು ಹಂಪವ್ವ. "ಈ ಬೂದಿ ನಮ್ಮ ಹಿರೇರದು, ಬಂಡಿ ತರಬ್ಯಾಡ್ರಿ ಅಂತ ದಾರಿಗೆ ಅಡ್ಡ ಮಲಗಿದ್ದ. ಮರುದಿನ ಇಲ್ಲೆ ಹೆಣಾ ಆಗಿ ಸಿಕ್ಕ. ಬಾಯಿ ಬಿಟ್ಟರ ನಿನ್ನನ್ನೂ ಬಿಡಾಂಗಿಲ್ಲ ಅಂತ ವಾಡೇದವರು ಅಂದ್ರು. ಮಣ್ಣಿಗೆ ಹೊರಾಕ ಯಾರನ್ನೂ ಕರಿಯಾಂಗಿದ್ದಿಲ್ಲ, ಮುಂಬಯಿಗೆ ಹೋದ ಅಂತ ಕೇರಿಗೆ ಹೇಳಿದೆ. ಹಳೇ ಗ್ವಾಡಿ ಗುರುತು ಕಾಣ್ತಿತ್ತು, ದೇವರ ಮೂಲ್ಯಾಗರ ಇರಲಿ ಅಂತ ನಾ ಒಬ್ಬಾಕೀನ ಹೂಳಿ, ಮ್ಯಾಲೆ ಕಲ್ಲು ಒಟ್ಟೀನಿ. ಗೌಡಗ ಅದು ಗೊತ್ತೈತಿ. ಈಗ ಎಲುಬು ಸಿಕ್ಕರ ಕೊಲಿ ಯಾರ ಕೊರಳಿಗೆ ಬೀಳತೈತಿ? ಹೂಳಿದಾಕೀ ಕೊರಳಿಗೆ."

ಹೊಳಿಯಮ್ಮನಿಗೆ ಗೌಡರ ನಗು ಈಗ ಅರ್ಥವಾಯಿತು.

"ಹೊಳಿಯಮ್ಮಾ!" ಸಾಹೇಬರು ಅಲ್ಲಿಂದಲೇ ಕೂಗಿದರು. "ಕಲ್ಲು ಮುಗದಾವು. ಅಗೀಲೇನು, ಬ್ಯಾಡೇನು?"

ಕಲ್ಲು ಸರಿದ ಜಾಗದಲ್ಲಿ ಈಶಪ್ಪ ಗುದ್ದಲಿ ಎತ್ತಿ ನಿಂತಿದ್ದ. ಬೇಡ ಎಂದರೆ ನಲವತ್ತು ಮನೆ ಹೋದವು. ಹೂಂ ಎಂದರೆ ಅವ್ವ ಹೋದಳು.

ಹಂಪವ್ವ ಸೆರಗು ನಡುವಿಗೆ ಸಿಕ್ಕಿಸಿಕೊಂಡಳು. ಇಪ್ಪತ್ತು ವರ್ಷ ಬಗ್ಗಿ ನಡೆದ ಹೆಂಗಸು ಬೆನ್ನು ನೆಟ್ಟಗೆ ಮಾಡಿ, ಗೌಡರನ್ನು ನೇರಕ್ಕೆ ನೋಡಿದಳು. ಮಗಳ ಭುಜ ಹಿಡಿದು ಗುಂಡಿಯ ಕಡೆ ತಿರುಗಿಸಿದಳು.

"ಹೋಗು. ಅಗಿ. ಆದ್ರ ನೀನ ಅಗೀಬೇಕು. ವಾಡೇದ ಗುದ್ದಲಿ ನಿಮ್ಮಪ್ಪನ ತಲೀ ಮ್ಯಾಲೆ ಇನ್ನೊಂದು ಸಲ ಬೀಳಬಾರದು."